ಹೊಸ ಪ್ರೋಗ್ರಾಂ ಅನ್ನು ಆಂಟಿವೈರಸ್ ನುಂಗಿತೇ? ಆಫ್ ಮಾಡುವ ಮೊದಲು ಇಷ್ಟು ನೋಡಿ

ಮಂಡ್ಯದ ಒಂದು ಬೆಲ್ಲದ ಮಂಡಿಗೆ ನಾನೊಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಯಾರು ಎಷ್ಟು ಅಚ್ಚು ಬೆಲ್ಲ ತಂದರು, ಎಷ್ಟು ಬಕೆಟ್ ಬೆಲ್ಲ ತಂದರು, ತೂಕ ಎಷ್ಟು, ಹಮಾಲಿ ಎಷ್ಟು, ರೈತರ ಕೈಗೆ ಎಷ್ಟು ಕೊಡಬೇಕು. ಅಷ್ಟೇ ಅದರ ಕೆಲಸ. ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಮನೆಯಲ್ಲಿ ಹದಿನೈದು ದಿನ ಓಡಿಸಿ ನೋಡಿದ್ದೆ. ಒಂದು ತಕರಾರೂ ಇರಲಿಲ್ಲ. ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಬೆಳಗಿನ ರೈಲು ಹತ್ತಿದೆ.

ಮಂಡಿಯ ಕಂಪ್ಯೂಟರಿಗೆ ಕಾಪಿ ಮಾಡಿ ಎರಡು ಸಲ ಕ್ಲಿಕ್ ಮಾಡಿದೆ. ಕೆಳಗಿನ ಮೂಲೆಯಲ್ಲಿ 'ಥ್ರೆಟ್ಸ್ ಫೌಂಡ್' ಅಂತ ಬಂತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಐಕಾನ್ ಮಾಯ.

"ಅಲ್ಲ ಕಣಪ್ಪಾ, ನೀನ್ ತಂದಿರದೇ ವೈರಸ್ ಅಂತದಲ್ಲ ಇದು!" ಅಂದರು ಯಜಮಾನರು. ತೂಕದ ಚೀಟಿ ಹಿಡಿದು ನಿಂತಿದ್ದ ಮೂವರು ರೈತರೂ ನನ್ನ ಮುಖ ನೋಡಿದರು.

ಆಗ ನಾನು ಮಾಡಲು ಹೊರಟಿದ್ದು ಎಲ್ಲರೂ ಮಾಡುವುದನ್ನೇ. ಆಂಟಿವೈರಸ್ ಆಫ್ ಮಾಡೋಣ ಅಂತ ಮೌಸ್ ಹಿಡಿದೆ. ಯಜಮಾನರ ಮಗ ತಡೆದ. "ಬೇಡಿ ಅಣ್ಣಾ, ಬ್ಯಾಂಕ್ ಕೆಲ್ಸಾನೂ ಇದ್ರಲ್ಲೇ ಮಾಡದು." ಅವನು ಹೇಳಿದ್ದು ಸರಿ. ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಹೊಸ ಪ್ರೋಗ್ರಾಂ, ಬೀಟಾ (ಪರೀಕ್ಷೆಗೆ ಅಂತ ಬಿಟ್ಟ ಆವೃತ್ತಿ), ಗೆಳೆಯರು ಬರೆದುಕೊಟ್ಟ ಟೂಲ್ ಯಾವುದನ್ನಾದರೂ ಆಂಟಿವೈರಸ್ ಹಿಡಿದರೆ ಹೀಗೆ ಮಾಡುತ್ತೇನೆ. ಇಲ್ಲಿ ಹೇಳುವುದೆಲ್ಲ ವಿಂಡೋಸ್ ಮತ್ತು ಅದರ ಜೊತೆಗೇ ಬರುವ ಡಿಫೆಂಡರ್ ಲೆಕ್ಕದಲ್ಲಿ. ಬೇರೆ ಆಂಟಿವೈರಸ್‌ಗಳಲ್ಲಿ ಮೆನು ಹೆಸರು ಬದಲಾಗುತ್ತದೆ, ದಾರಿ ಹೆಚ್ಚುಕಡಿಮೆ ಇದೇ.

ಹೊಸದೆಂದರೆ ಯಾಕೆ ಇಷ್ಟು ಗುಮಾನಿ?

ಹಿಂದೆ ಆಂಟಿವೈರಸ್‌ನ ಬಳಿ ಕಳ್ಳರ ಪಟ್ಟಿ ಇರುತ್ತಿತ್ತು. ಪಟ್ಟಿಯಲ್ಲಿದ್ದರೆ ಹಿಡಿ, ಇಲ್ಲದಿದ್ದರೆ ಬಿಡು. ದಿನಕ್ಕೊಂದು ರೂಪದ ವೈರಸ್ ಬರಲು ಶುರುವಾದ ಮೇಲೆ ಆ ಪಟ್ಟಿ ಸಾಲಲಿಲ್ಲ. ಈಗ ಅದು ಇನ್ನೂ ಎರಡು ವಿಷಯ ನೋಡುತ್ತದೆ. ಒಂದು, ಫೈಲಿನ ನಡತೆ ಮತ್ತು ಚಹರೆ ವೈರಸ್‌ನ ಹಾಗಿದೆಯೇ? ಎರಡು, ಈ ಫೈಲನ್ನು ಜಗತ್ತಿನಲ್ಲಿ ಇನ್ನೆಷ್ಟು ಜನ ಓಡಿಸಿದ್ದಾರೆ? ಗುರುತಿಲ್ಲದ ಫೈಲ್ ಕಂಡರೆ ಡಿಫೆಂಡರ್ ಅದನ್ನು ಸಾಮಾನ್ಯವಾಗಿ 10 ಸೆಕೆಂಡಿನವರೆಗೆ ತಡೆದಿಟ್ಟು ಮೈಕ್ರೋಸಾಫ್ಟ್‌ನ ಸರ್ವರ್ ಅನ್ನು ಕೇಳುತ್ತದೆ.

ಮಂಡಿಗೆ ಅಂತಲೇ ಬರೆದ ಪ್ರೋಗ್ರಾಂ ಅನ್ನು ಜಗತ್ತಿನಲ್ಲಿ ಓಡಿಸಿದ್ದವನು ನಾನೊಬ್ಬನೇ. ಬೀಟಾಗಳ ಪಾಡು ಇನ್ನೂ ಕಷ್ಟ. ದಿನಾ ಹೊಸ ಬಿಲ್ಡ್, ಅಂದರೆ ಹೊಸದಾಗಿ ಕಟ್ಟಿದ ಪ್ರತಿ, ಬಿಟ್ಟರೆ ದಿನಾ ಅದು ಹೊಸ ಫೈಲ್. ನಿನ್ನೆ ಗಳಿಸಿದ ಹೆಸರು ಇವತ್ತಿನದಕ್ಕೆ ಬರುವುದಿಲ್ಲ.

ಕೆಲವು ಪ್ರೋಗ್ರಾಂಗಳ ಕೆಲಸವೇ ಗುಮಾನಿ ತರುವಂಥದ್ದು. ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶವನ್ನೇ ನೋಡಿ. ನೀವು ಯಾವ ಕೀ ಒತ್ತಿದಿರಿ ಅಂತ ಗಮನಿಸದೆ 'ಕೆ' ಒತ್ತಿದ್ದಕ್ಕೆ ಕನ್ನಡದ ಅಕ್ಷರ ಮೂಡಿಸಲು ಅದಕ್ಕೆ ಆಗುವುದಿಲ್ಲ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಅದನ್ನೇ ಅಲ್ವಾ? ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮೊದಲು: ಹಿಡಿದವರು ಯಾರು?

ಎರಡು ಬೇರೆ ಬೇರೆ ಎಚ್ಚರಿಕೆಗಳಿವೆ. ಜನ ಎರಡನ್ನೂ "ವೈರಸ್ ಅಂತ ಬಂತು" ಅಂತಲೇ ಹೇಳುತ್ತಾರೆ.

ಪರದೆ ಮೇಲೆ ದೊಡ್ಡ ನೀಲಿ ಪೆಟ್ಟಿಗೆ ಬಂದು 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಅಂದರೆ ಅದು ಸ್ಮಾರ್ಟ್‌ಸ್ಕ್ರೀನ್, ವಿಂಡೋಸ್‌ನದೇ ಇನ್ನೊಂದು ಕಾವಲುಗಾರ. ಅದು ಫೈಲಿನೊಳಗೆ ವೈರಸ್ ಕಂಡಿದ್ದೇನೆ ಅನ್ನುತ್ತಿಲ್ಲ, 'ಈ ಫೈಲ್ ನನಗೆ ಪರಿಚಯವಿಲ್ಲ' ಅನ್ನುತ್ತಿದೆ. ಫೈಲ್ ಇದ್ದ ಜಾಗದಲ್ಲೇ ಇರುತ್ತದೆ. 'ಮೋರ್ ಇನ್ಫೋ' ಒತ್ತಿದರೆ ತಯಾರಕರ ಹೆಸರು ಕಾಣುತ್ತದೆ, ಕೆಳಗೆ 'ರನ್ ಎನಿವೇ' ಬಟನ್ ಬರುತ್ತದೆ. ಒತ್ತುವ ಅವಸರ ಬೇಡ, ಮೊದಲು ಕೆಳಗಿನ ಹೆಜ್ಜೆಗಳನ್ನು ಮುಗಿಸಿ.

ಮೂಲೆಯಲ್ಲಿ 'ಥ್ರೆಟ್ಸ್ ಫೌಂಡ್' ಬಂದು ಫೈಲೇ ಕಾಣೆಯಾದರೆ ಅದು ಡಿಫೆಂಡರ್. ಇದು ಹೆಚ್ಚು ಗಂಭೀರ. ಫೈಲ್ ಅಳಿಸಿಹೋಗಿದೆ ಅಂತ ಗಾಬರಿ ಬೀಳಬೇಡಿ. ಸಾಮಾನ್ಯವಾಗಿ ಅದನ್ನು ಕ್ವಾರಂಟೈನ್‌ನಲ್ಲಿ ಕೂಡಿಹಾಕಿರುತ್ತದೆ.

ಒಂದು ಮಾತು. ಪೆನ್ ಡ್ರೈವ್‌ನಿಂದ ಬಂದ ಫೈಲಿಗೆ ನೀಲಿ ಪೆಟ್ಟಿಗೆ ಸಾಮಾನ್ಯವಾಗಿ ಬರುವುದಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಫೈಲಿಗೆ 'ಇದು ಹೊರಗಿನದು' ಅಂತ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ. ಪೆನ್ ಡ್ರೈವ್‌ಗಳಲ್ಲಿ ಇರುವ ಫ್ಯಾಟ್ 32, ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಆ ಗುರುತು ಉಳಿಯುವುದಿಲ್ಲ. ಹಾಗಾಗಿ ನೀಲಿ ಪೆಟ್ಟಿಗೆ ಬರಲಿಲ್ಲ ಅಂದ ಮಾತ್ರಕ್ಕೆ ಫೈಲ್ ಒಳ್ಳೆಯದು ಅಂತಲ್ಲ.

ಆಮೇಲೆ: ಅದು ಇಟ್ಟ ಹೆಸರು ಓದಿ

'ವಿಂಡೋಸ್ ಸೆಕ್ಯುರಿಟಿ' ತೆರೆಯಿರಿ. 'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್', ಅದರೊಳಗೆ 'ಪ್ರೊಟೆಕ್ಷನ್ ಹಿಸ್ಟರಿ'. ಅಲ್ಲಿ ಹಿಡಿದದ್ದರ ಹೆಸರು, ಎಷ್ಟು ತೀವ್ರ, ಯಾವ ಫೋಲ್ಡರಿನಲ್ಲಿತ್ತು ಅನ್ನುವುದೆಲ್ಲ ಇರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಮಂಡಿ ಪ್ರೋಗ್ರಾಂಗೆ ಬಿದ್ದ ಹೆಸರು 'ಟ್ರೋಜನ್: ವಿನ್32/ವಕಟಾಕ್.ಬಿ!ಎಂಎಲ್'. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಕೊನೆಯ ತುಣುಕು ನೋಡಿ, '!ಎಂಎಲ್'. ಎಂಎಲ್ ಅಂದರೆ ಮಷೀನ್ ಲರ್ನಿಂಗ್. ಯಾರೂ ಕೂತು ಈ ಫೈಲನ್ನು ಪರೀಕ್ಷೆ ಮಾಡಿ ಹೇಳಿದ್ದಲ್ಲ, ಚಹರೆ ನೋಡಿ ಯಂತ್ರ ಮಾಡಿದ ಅಂದಾಜು. ಬೇರೆ ಕಂಪನಿಗಳ ಹೆಸರುಗಳಲ್ಲಿ 'ಜೆನೆರಿಕ್', 'ಜೆನ್', 'ಹ್ಯೂರ್', 'ಸಸ್ಪಿಷಿಯಸ್', 'ಎಐ' ಅಂತ ಬಂದರೂ ಹೆಚ್ಚಾಗಿ ಅಂಥದ್ದೇ ಅಂದಾಜು. ಅಂದಾಜು ಅಂದ ತಕ್ಷಣ ಸುಳ್ಳು ಅಂತಲ್ಲ. ನಿಜವಾದ ವೈರಸ್‌ಗಳನ್ನೂ ಇದೇ ಯಂತ್ರ ಹೀಗೇ ಹಿಡಿಯುತ್ತದೆ. 'ಹೌದೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ' ಅಂತ ಮಾತ್ರ ಅರ್ಥ.

'ಹ್ಯಾಕ್‌ಟೂಲ್' ಅಂತ ಬಂದು, ಆ ಫೈಲ್ ಯಾವುದೋ ತಂತ್ರಾಂಶದ ಲೈಸೆನ್ಸ್ ಮುರಿಯುವ 'ಪ್ಯಾಚ್' ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ಅಕೌಂಟ್ಸ್ ತಂತ್ರಾಂಶವೊಂದರ ಪ್ಯಾಚ್ ತಂದರು. ಜೊತೆಗಿದ್ದ ಕಡತದಲ್ಲಿ "ಆಂಟಿವೈರಸ್ ಸುಮ್ನೆ ಕೂಗುತ್ತೆ, ಆಫ್ ಮಾಡಿ ಹಾಕಿ" ಅಂತ ಬರೆದಿತ್ತು. ಹಾಕಿಕೊಟ್ಟೆ. ಮೂರನೇ ದಿನ ಅವರ ಎಲ್ಲ ಎಕ್ಸೆಲ್ ಕಡತಗಳೂ ಗುರುತು ಸಿಗದ ಹೆಸರಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ಬ್ಯಾಕಪ್ ಇದ್ದದ್ದು ಹೋದ ವರ್ಷದ್ದು. ಅಂದಿನಿಂದ 'ಆಂಟಿವೈರಸ್ ಆಫ್ ಮಾಡಿ' ಅಂತ ಬರೆದುಕೊಂಡು ಬರುವ ಯಾವ ಪ್ರೋಗ್ರಾಂ ಅನ್ನೂ ನಾನು ಮುಟ್ಟುವುದಿಲ್ಲ.

ಫೈಲ್ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿ ನೋಡಿ. "ತಯಾರಕರ ಸ್ವಂತ ತಾಣದಿಂದ ನಾನೇ ಇಳಿಸಿಕೊಂಡೆ" ಅಂದರೆ ಮುಂದಕ್ಕೆ ಹೋಗಿ. "ವಾಟ್ಸಾಪ್ ಗ್ರೂಪಲ್ಲಿ ಯಾರೋ ಹಾಕಿದ್ದರು" ಅಂದರೆ ಆ ಫೈಲನ್ನು ಅಳಿಸಿ, ಮೂಲ ತಾಣದಿಂದ ಮತ್ತೆ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಲಿಂಕನ್ನೂ ನಂಬಬೇಡಿ.

ಮೊಬೈಲಿನ ಮಾತು ಬಂದರೆ ನನ್ನ ಸಲಹೆ ಇನ್ನೂ ಖಡಕ್. ಮದುವೆ ಆಮಂತ್ರಣ, ಆರ್‌ಟಿಒ ಚಲನ್ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಕಡತ (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್) ಬಂದು, ಫೋನಿನಲ್ಲಿರುವ ಗೂಗಲ್‌ನ ಕಾವಲು 'ಪ್ಲೇ ಪ್ರೊಟೆಕ್ಟ್' ಅದನ್ನು ತಡೆದರೆ, 'ತಪ್ಪಾಗಿ ಹಿಡಿದಿರಬಹುದು' ಅಂತ ಯೋಚಿಸಲೇ ಬೇಡಿ. ಇದು ನಡೆದೇ ಇರುವ ಮೋಸ. ಹಾಕಿಕೊಂಡು ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಫೈಲ್ ಮೇಲೆ ಬಲ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ಗೆ ಹೋದರೆ 'ಡಿಜಿಟಲ್ ಸಿಗ್ನೇಚರ್ಸ್' ಅನ್ನುವ ಟ್ಯಾಬ್ ಇರಬಹುದು. ಇದ್ದರೆ ಯಾರು ಸಹಿ ಹಾಕಿದ್ದಾರೆ ನೋಡಿ. ಸಣ್ಣ ತಯಾರಕರ ಫೈಲುಗಳಲ್ಲಿ ಬಹಳ ಸಲ ಅದು ಇರುವುದೇ ಇಲ್ಲ, ಅದೊಂದೇ ತಪ್ಪಲ್ಲ. ಸಹಿ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಲೂ ಬೇಡಿ. 2017ರಲ್ಲಿ, ಕಂಪ್ಯೂಟರಿನ ಕಸ ಗುಡಿಸುವ ಸಿಕ್ಲೀನರ್ ಪ್ರೋಗ್ರಾಂನ 5.33 ಆವೃತ್ತಿಗೆ ದುಷ್ಟರು ಒಳಗಿನಿಂದಲೇ ಕಳ್ಳ ಕೋಡ್ ಸೇರಿಸಿದ್ದರು. ಅಸಲಿ ತಾಣ, ಅಸಲಿ ಸಹಿ. ಸುಮಾರು 22 ಲಕ್ಷ 70 ಸಾವಿರ ಬಳಕೆದಾರರಿಗೆ ಅದು ತಲುಪಿತ್ತು.

ಅಪ್‌ಡೇಟ್ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ

ಇಷ್ಟು ಸುಲಭದ ಕೆಲಸವನ್ನು ಯಾರೂ ಮಾಡುವುದಿಲ್ಲ. 'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಅಪ್‌ಡೇಟ್ಸ್' ಒಳಗೆ 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ. ತಪ್ಪು ನಿಮ್ಮ ಫೈಲಿನದಲ್ಲ, ಅವತ್ತು ಬಂದ ಪಟ್ಟಿಯದ್ದೇ ಇರಬಹುದು. 2022ರ ಸೆಪ್ಟೆಂಬರ್ 4ರಂದು ಡಿಫೆಂಡರ್ ಕ್ರೋಮ್ ಬ್ರೌಸರನ್ನೇ ಮಾಲ್‌ವೇರ್ ಅಂತ ಎಚ್ಚರಿಸುತ್ತಿತ್ತು. ಹೊಸ ಪಟ್ಟಿ ಬಂದ ಮೇಲೆ ನಿಂತಿತು. ಇದಕ್ಕಿಂತ ದೊಡ್ಡ ಎಡವಟ್ಟು 2010ರ ಏಪ್ರಿಲ್ 21ರದ್ದು. ಮೆಕಾಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯದ್ದೇ ಭಾಗವಾದ ಎಸ್‌ವಿಸಿಹೋಸ್ಟ್ ಫೈಲನ್ನು ವೈರಸ್ ಅಂತ ಹಿಡಿದುಹಾಕಿತು. ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಾ ಕೂತವು. ವಿಂಡೋಸ್‌ನ ಸ್ವಂತ ಫೈಲಿಗೇ ಹೀಗಾದರೆ ನಮ್ಮ ಬೆಲ್ಲದ ಲೆಕ್ಕ ಯಾವ ಮೂಲೆಗೆ!

ನಾಲ್ಕು ಜನರನ್ನು ಕೇಳಿದ ಹಾಗೆ: ವೈರಸ್‌ಟೋಟಲ್

ಗೂಗಲ್ ಒಡೆತನದ ವೈರಸ್‌ಟೋಟಲ್ ತಾಣದಲ್ಲಿ ಒಂದು ಫೈಲನ್ನು ಸುಮಾರು 70 ಆಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷೆ ಮಾಡುತ್ತವೆ. ಉಚಿತ. 650 ಎಂಬಿವರೆಗಿನ ಫೈಲ್ ಹಾಕಬಹುದು.

ಆದರೆ ಹಾಕುವ ಮೊದಲು ಯೋಚಿಸಿ. ಅಲ್ಲಿಗೆ ಹಾಕಿದ ಫೈಲ್ ನಿಮ್ಮದಾಗಿ ಮಾತ್ರ ಉಳಿಯುವುದಿಲ್ಲ, ಭದ್ರತಾ ಕಂಪನಿಗಳಿಗೂ ಸಿಗುತ್ತದೆ. ಪ್ರೋಗ್ರಾಂ ಜೊತೆ ರೈತರ ಹೆಸರು, ಬ್ಯಾಂಕ್ ಖಾತೆ ನಂಬರ್ ಇರುವ ಡೇಟಾ ಸೇರಿಸಿ ಜಿಪ್ ಮಾಡಿ ಹಾಕಿಬಿಡಬೇಡಿ. ಎಷ್ಟೋ ಸಲ ಫೈಲ್ ಹಾಕುವ ಅಗತ್ಯವೇ ಇರುವುದಿಲ್ಲ. ಅದರ ಹ್ಯಾಶ್ ಹುಡುಕಿದರೆ ಸಾಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು. ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. 7-ಜಿಪ್ ಹಾಕಿಕೊಂಡಿದ್ದರೆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ 'ಸಿಆರ್‌ಸಿ ಎಸ್‌ಎಚ್‌ಎ' ಮೆನುವಿನಲ್ಲಿ 'ಎಸ್‌ಎಚ್‌ಎ-256' ಒತ್ತಿ. 64 ಅಕ್ಷರ-ಅಂಕಿಗಳ ಉದ್ದದ ಸಾಲು ಬರುತ್ತದೆ. ಅದನ್ನು ಕಾಪಿ ಮಾಡಿ ವೈರಸ್‌ಟೋಟಲ್‌ನ ಹುಡುಕು ಪೆಟ್ಟಿಗೆಗೆ ಹಾಕಿ. ಬೇರೆ ಯಾರಾದರೂ ಆ ಫೈಲನ್ನು ಮೊದಲೇ ಹಾಕಿದ್ದರೆ ಫಲಿತಾಂಶ ಸಿದ್ಧ ಇರುತ್ತದೆ. ತಯಾರಕರೂ ತಮ್ಮ ತಾಣದಲ್ಲಿ ಈ ಸಾಲನ್ನು ಕೊಟ್ಟಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಇನ್ನೊಮ್ಮೆ ಇಳಿಸಿಕೊಂಡು ನೋಡಿ. ಆಗಲೂ ಹೊಂದದಿದ್ದರೆ ಫೈಲನ್ನು ಓಡಿಸಬೇಡಿ, ತಯಾರಕರನ್ನು ಕೇಳಿ.

ಫಲಿತಾಂಶ ಓದುವುದರಲ್ಲಿ ಜನ ಎಡವುತ್ತಾರೆ. 70ರಲ್ಲಿ ಮೂರು ಹಿಡಿದಿವೆ ಅಂದುಕೊಳ್ಳಿ. ಆ ಮೂರೂ 'ಜೆನೆರಿಕ್', 'ಎಐ' ಅಂತ ಅಂದಾಜಿನ ಹೆಸರೇ ಇಟ್ಟಿದ್ದರೆ, ಒಂದರ ಹೆಸರಿಗೆ ಇನ್ನೊಂದರ ಹೆಸರು ಹೊಂದದಿದ್ದರೆ, ತಪ್ಪಾಗಿ ಹಿಡಿದಿರುವ ಸಾಧ್ಯತೆ ಜಾಸ್ತಿ. ಹತ್ತು ಹದಿನೈದು ಹಿಡಿದು, ಅವುಗಳಲ್ಲಿ ನಾಲ್ಕೈದು ಒಂದೇ ವೈರಸ್ ಕುಟುಂಬದ ಹೆಸರು ಹೇಳಿದರೆ ಫೈಲನ್ನು ಬಿಡಿ. ಸೊನ್ನೆ ಬಂದರೂ ಹಿಗ್ಗಬೇಡಿ. ಇವತ್ತು ಬೆಳಿಗ್ಗೆ ಹುಟ್ಟಿದ ವೈರಸ್ಸಿಗೂ ಸೊನ್ನೆ ಬರಬಹುದು.

'ಡೀಟೇಲ್ಸ್' ಟ್ಯಾಬ್‌ನಲ್ಲಿ ಆ ಫೈಲ್ ಅಲ್ಲಿಗೆ ಮೊದಲು ಬಂದ ದಿನ ಇರುತ್ತದೆ. ಇವತ್ತಿನ ಬೀಟಾ ಇವತ್ತೇ ಮೊದಲು ಬಂದಿದ್ದರೆ ಸಹಜ. ಐದು ವರ್ಷದಿಂದ ಸಾವಿರಾರು ಜನ ಬಳಸುತ್ತಿರುವ ಆವೃತ್ತಿ ಅಂತ ಹೇಳಿಕೊಂಡ ಫೈಲ್ ನಿನ್ನೆ ಮೊದಲ ಬಾರಿ ಕಂಡಿದ್ದರೆ ಎಲ್ಲೋ ಏನೋ ಎಡವಟ್ಟಾಗಿದೆ.

ನನಗೆ ಬಹಳ ಸಹಾಯ ಮಾಡಿರುವುದು ಕಾಯುವುದು. ಅವಸರ ಇಲ್ಲದಿದ್ದರೆ ಮೂರ್ನಾಲ್ಕು ದಿನ ಬಿಟ್ಟು ಅದೇ ಪುಟದಲ್ಲಿ 'ರೀಅನಲೈಸ್' ಒತ್ತಿ. ತಪ್ಪಾಗಿ ಹಿಡಿದಿದ್ದರೆ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ. ನಿಜವಾದ ವೈರಸ್ ಆಗಿದ್ದರೆ ಒಂದೊಂದೇ ಕಂಪನಿ ಸೇರಿಕೊಂಡು ಸಂಖ್ಯೆ ಏರುತ್ತದೆ.

ಓಡಿಸಿಯೇ ನೋಡಬೇಕು ಅನ್ನುವವರಿಗೆ ವಿಂಡೋಸ್ ಪ್ರೊ ಆವೃತ್ತಿಯಲ್ಲಿ 'ವಿಂಡೋಸ್ ಸ್ಯಾಂಡ್‌ಬಾಕ್ಸ್' ಇದೆ, ಕಂಪ್ಯೂಟರಿನೊಳಗೇ ಬೇರೆಯಾಗಿ ತೆರೆಯುವ ತಾತ್ಕಾಲಿಕ ವಿಂಡೋಸ್. ಮುಚ್ಚಿದ ತಕ್ಷಣ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹೋಮ್ ಆವೃತ್ತಿಯಲ್ಲಿ ಇಲ್ಲ.

ಬಿಡುವುದಾದರೆ ಸಣ್ಣ ಕಿಂಡಿ ಮಾತ್ರ ಬಿಡಿ

ಇಷ್ಟೆಲ್ಲ ನೋಡಿ ಫೈಲ್ ಒಳ್ಳೆಯದೇ ಅಂತ ಅನ್ನಿಸಿದರೆ ಎಕ್ಸ್‌ಕ್ಲೂಷನ್ ಕೊಡಬಹುದು. 'ಈ ಜಾಗ ನೋಡಬೇಡ' ಅಂತ ಆಂಟಿವೈರಸ್‌ಗೆ ಹೇಳುವುದು. ಮಂಡಿಯಲ್ಲಿ ನಾನು ಮಾಡಿದ್ದು ಹೀಗೆ.

ಡಿ ಡ್ರೈವ್‌ನಲ್ಲಿ 'ಮಂಡಿಲೆಕ್ಕ' ಅಂತ ಒಂದು ಖಾಲಿ ಫೋಲ್ಡರ್ ಮಾಡಿದೆ. 'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್' ಕೆಳಗೆ 'ಮ್ಯಾನೇಜ್ ಸೆಟ್ಟಿಂಗ್ಸ್' ಒತ್ತಿ, ತೀರಾ ಕೆಳಗಿರುವ 'ಆಡ್ ಆರ್ ರಿಮೂವ್ ಎಕ್ಸ್‌ಕ್ಲೂಷನ್ಸ್'ಗೆ ಹೋಗಿ, ಆ ಒಂದು ಫೋಲ್ಡರ್ ಸೇರಿಸಿದೆ. ಆಮೇಲೆ ಫೈಲ್ ಕಾಪಿ ಮಾಡಲು ಹೋದರೆ, ಪೆನ್ ಡ್ರೈವ್‌ನಲ್ಲಿದ್ದದ್ದನ್ನೂ ನುಂಗಿಹಾಕಿದೆ! ಪುಣ್ಯಕ್ಕೆ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಪ್ರತಿ ಇತ್ತು. ಅದನ್ನು ಪಾಸ್‌ವರ್ಡ್ ಹಾಕಿ ಜಿಪ್ ಮಾಡಿ ತಂದು, ನೇರ ಆ ಫೋಲ್ಡರಿನ ಒಳಗೇ ಬಿಚ್ಚಿದೆ. ಪಾಸ್‌ವರ್ಡ್ ಹಾಕಿದ ಜಿಪ್‌ನ ಒಳಗೇನಿದೆ ಅಂತ ಆಂಟಿವೈರಸ್‌ಗೆ ಕಾಣುವುದಿಲ್ಲ. ವೈರಸ್ ಕಳಿಸುವವರಿಗೂ ಈ ಉಪಾಯ ಗೊತ್ತು, ಹಾಗಾಗಿ ಬೇರೆಯವರು ಕಳಿಸಿದ ಪಾಸ್‌ವರ್ಡ್ ಜಿಪ್ ಬಂದರೆ ಹುಷಾರು.

'ಡೌನ್‌ಲೋಡ್ಸ್' ಫೋಲ್ಡರಿಗೆ, ಡೆಸ್ಕ್‌ಟಾಪಿಗೆ, ಇಡೀ ಡ್ರೈವ್‌ಗೆ ಯಾವತ್ತೂ ಎಕ್ಸ್‌ಕ್ಲೂಷನ್ ಕೊಡಬೇಡಿ. ಮಾಡಿದ ದಿನವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ. ಒಂದು ದಿನ ಅದನ್ನು ತೆಗೆಯಬೇಕು.

ಈಗ ನನ್ನ ಗುಟ್ಟು ಹೇಳುತ್ತೇನೆ. ಮೈಸೂರಿನಲ್ಲಿ ಹದಿನೈದು ದಿನ ತಕರಾರಿಲ್ಲದೆ ಓಡಿತು ಅಂದೆನಲ್ಲ? ಮನೆಗೆ ಬಂದು ನೋಡಿದರೆ, ನಾನು ಪ್ರೋಗ್ರಾಂ ಬರೆಯುವ ಫೋಲ್ಡರಿಗೆ ಎರಡು ವರ್ಷದ ಹಿಂದೆಯೇ ಎಕ್ಸ್‌ಕ್ಲೂಷನ್ ಕೊಟ್ಟು ಮರೆತಿದ್ದೆ. ಮೈಸೂರಿನ ಡಿಫೆಂಡರ್ ಆ ಫೈಲನ್ನು ನೋಡಿಯೇ ಇರಲಿಲ್ಲ.

ತಪ್ಪು ಅಂತ ಅವರಿಗೆ ಹೇಳಿ

ಎಕ್ಸ್‌ಕ್ಲೂಷನ್ ನಿಮ್ಮ ಒಂದು ಕಂಪ್ಯೂಟರಿನ ಸಮಸ್ಯೆ ಮಾತ್ರ ಬಗೆಹರಿಸುತ್ತದೆ. ಮೂಲದಲ್ಲೇ ಸರಿಯಾಗಬೇಕಾದರೆ ಆ ಕಂಪನಿಗೇ ಫೈಲ್ ಕಳಿಸಬೇಕು. ಮೈಕ್ರೋಸಾಫ್ಟ್‌ನ ಸೆಕ್ಯುರಿಟಿ ಇಂಟೆಲಿಜೆನ್ಸ್ ತಾಣದಲ್ಲಿ ಫೈಲ್ ಸಲ್ಲಿಸುವ ಪುಟ ಇದೆ. ಮನೆ ಬಳಕೆದಾರರೋ, ತಂತ್ರಾಂಶ ತಯಾರಕರೋ ಅಂತ ಆರಿಸಿ, ತಪ್ಪಾಗಿ ಹಿಡಿಯಲಾಗಿದೆ ಅನ್ನುವ ಆಯ್ಕೆ ಒತ್ತಿ, ಫೋಟೋ ತೆಗೆದಿಟ್ಟುಕೊಂಡ ಹೆಸರನ್ನು ಹಾಗೇ ಬರೆಯಿರಿ. ಪ್ರೋಗ್ರಾಂ ಏನು ಮಾಡುತ್ತದೆ ಅಂತ ಎರಡು ಸಾಲು ಸಾಕು. ದೊಡ್ಡ ಕಂಪನಿಗಳೆಲ್ಲ ಇಂಥ ದಾರಿ ಇಟ್ಟಿವೆ. ಮೇಲ್‌ನಲ್ಲಿ ಕೇಳಿದರೆ ಜಿಪ್ ಮಾಡಿ 'ಇನ್‌ಫೆಕ್ಟೆಡ್' ಅನ್ನುವ ಪಾಸ್‌ವರ್ಡ್ ಹಾಕುವುದು ಈ ವಲಯದ ಹಳೇ ರೂಢಿ. ಪ್ರೋಗ್ರಾಂ ನಿಮ್ಮದಲ್ಲದಿದ್ದರೆ ತಯಾರಕರಿಗೂ ತಿಳಿಸಿ. ಬಹಳ ಸಲ ಅವರಿಗೆ ಗೊತ್ತೇ ಇರುವುದಿಲ್ಲ.

ಪ್ರೋಗ್ರಾಂ ಬರೆಯುವವರಿಗೆ

ಪೈಥಾನ್‌ನಲ್ಲಿ ಬರೆದು ಪೈಇನ್‌ಸ್ಟಾಲರ್‌ನಿಂದ ಒಂದೇ ಫೈಲ್ ಮಾಡಿ ಕೊಡುವ ಕಾಲೇಜು ಹುಡುಗರು ಮೈಸೂರಿನಲ್ಲಿ ಬೇಕಾದಷ್ಟಿದ್ದಾರೆ. ನಾನೂ ಅದನ್ನೇ ಮಾಡಿದ್ದೆ. ಆ ಒಂಟಿ ಫೈಲ್ ಓಡುವಾಗ ತನ್ನೊಳಗಿರುವುದನ್ನೆಲ್ಲ ಟೆಂಪ್ ಫೋಲ್ಡರಿಗೆ ಬಿಚ್ಚಿಕೊಂಡು ಅಲ್ಲಿಂದ ಶುರುವಾಗುತ್ತದೆ. ವೈರಸ್ ಇಳಿಸುವ ಪ್ರೋಗ್ರಾಂಗಳ ನಡತೆಯೂ ಅದೇ. ಮೇಲಾಗಿ ವೈರಸ್ ಬರೆಯುವವರೂ ಪೈಇನ್‌ಸ್ಟಾಲರ್ ಬಳಸುತ್ತಾರೆ, ಹಾಗಾಗಿ ಮುಂಭಾಗದ ಕೋಡ್ ಇಬ್ಬರದ್ದೂ ಒಂದೇ. ಒಂಟಿ ಫೈಲ್ ಬಿಟ್ಟು ಫೋಲ್ಡರ್ ರೂಪದಲ್ಲಿ ಕಟ್ಟಿ. ಯುಪಿಎಕ್ಸ್ ಅನ್ನುವ ಟೂಲ್‌ನಿಂದ ಫೈಲನ್ನು ಕುಗ್ಗಿಸುವುದನ್ನು ನಿಲ್ಲಿಸಿ. ಆವೃತ್ತಿ, ತಯಾರಕರ ಹೆಸರು ಇರುವ ಮಾಹಿತಿಯನ್ನು ತುಂಬಿ. ಫೋಲ್ಡರ್ ರೂಪಕ್ಕೆ ಬದಲಾಯಿಸಿದ ಮೇಲೆ ನನ್ನ ಪ್ರೋಗ್ರಾಂ ಅನ್ನು ಡಿಫೆಂಡರ್ ಹಿಡಿಯಲಿಲ್ಲ.

ಕೋಡ್ ಸೈನಿಂಗ್ ಸರ್ಟಿಫಿಕೇಟ್ (ಫೈಲಿಗೆ ಡಿಜಿಟಲ್ ಸಹಿ ಹಾಕಲು ಬೇಕಾದದ್ದು) ತೆಗೆದುಕೊಂಡರೆ ಒಳ್ಳೆಯದೇ, ಗಳಿಸಿದ ಹೆಸರು ಒಂದು ಬಿಲ್ಡಿನಿಂದ ಇನ್ನೊಂದಕ್ಕೆ ಜೊತೆಗೇ ಬರುತ್ತದೆ. ಆದರೆ 2023ರ ಜೂನ್‌ನಿಂದ ಅದರ ಕೀಲಿಯನ್ನು ಯುಎಸ್‌ಬಿ ಟೋಕನ್‌ನಂಥ ಭದ್ರ ಹಾರ್ಡ್‌ವೇರ್‌ನಲ್ಲೇ ಇಡಬೇಕು ಅನ್ನುವ ನಿಯಮ ಬಂದಿದೆ. ಖರ್ಚೂ ಇದೆ. ಒಂದು ಮಂಡಿಗೆ ಬರೆದುಕೊಡುವವರಿಗೆ ಇದು ಹೊರೆಯೇ. ಮತ್ತೆ, ನಿಮ್ಮ ಎಕ್ಸ್‌ಕ್ಲೂಷನ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ ನೋಡಿ, ಆಮೇಲೆ ರೈಲು ಹತ್ತಿ.

ಹೊಸ ಬಿಲ್ಡ್ ಹಾಕಲು ಎರಡು ತಿಂಗಳ ಮೇಲೆ ಮಂಡಿಗೆ ಹೋದೆ. ಮಾನಿಟರ್ ಪಕ್ಕ ಚೀಟಿ ಇನ್ನೂ ಅಂಟಿಕೊಂಡಿತ್ತು, ಬೆಲ್ಲದ ಧೂಳು ಹಿಡಿದಿತ್ತು. ಎಕ್ಸ್‌ಕ್ಲೂಷನ್ ತೆಗೆಯೋಣ ಅಂತ ಪಟ್ಟಿ ತೆರೆದೆ. 'ಮಂಡಿಲೆಕ್ಕ' ಒಂದೇ ಇರಬೇಕಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಇಡೀ ಡಿ ಡ್ರೈವ್. ಯಜಮಾನರ ಮಗನ ಕಡೆ ತಿರುಗಿದೆ.

"ಒಂದ್ ಗೇಮ್ ಹಾಕಿದ್ದೆ ಅಣ್ಣಾ..." ಅಂದ.

ಎರಡೂ ಸಾಲು ತೆಗೆದು, 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ 'ಫುಲ್ ಸ್ಕ್ಯಾನ್'ಗೆ ಬಿಟ್ಟು, ಕಾಫಿ ಕುಡಿಯಲು ಹೊರಟೆವು.